ಹೆಸರಿಲ್ಲದ ಕೋರಿಕೆ

ಅಕ್ಟೋಬರ್ ಬಂತೆಂದರೆ ಕೊಪ್ಪದ ಆ ವಾರ್ಡಿನ ಕ್ರೈಸ್ತರ ಮನೆಗಳಲ್ಲಿ ತಿಂಗಳಿಡೀ ಮಣಿ ಎಣಿಸುತ್ತ ಹೇಳುವ ಜಪಸರ. ಮರಿಯಮ್ಮನವರ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ, ಸಂಜೆ ಎಲ್ಲರೂ ಅಲ್ಲಿ ಸೇರುತ್ತಾರೆ, ಕೊನೆಗೆ ಒಬ್ಬೊಬ್ಬರಾಗಿ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಹೆಸರು ಎತ್ತದಿದ್ದರೆ ಅದು ಚಾಡಿಯಾಗುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡು ಬಂದಿದ್ದಾರೆ.

ಮೊದಲ ವಾರದಲ್ಲೇ ದರ್ಜಿ ಬೆನೆಡಿಕ್ಟಾ, "ಪ್ರಾರ್ಥಿಸಲು ಆಗದೆ ಒದ್ದಾಡುತ್ತಿರುವ ಒಬ್ಬ ಸಹೋದರಿಗಾಗಿ" ಎಂದು ಕೋರಿದಳು. ಗೋಡೆಗೊರಗಿ ಕುಳಿತಿದ್ದ ಲಿಜಿಯ ಕಿವಿ ಬಿಸಿಯಾಯಿತು.

ಲಿಜಿ ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಹನ್ನೊಂದು ವರ್ಷದಿಂದ ಭಾನುವಾರಗಳಲ್ಲಿ ಚರ್ಚಿನ ಮಕ್ಕಳನ್ನು ಮೊದಲ ಪರಮಪ್ರಸಾದ ಸ್ವೀಕರಿಸಲು ಸಿದ್ಧಪಡಿಸುತ್ತಿದ್ದಾಳೆ. ಆ ತರಗತಿಗೆಂದೇ ಅವಳ ವಾರ ಓಡುವುದು. ಆದರೆ ಅಮ್ಮ ತೀರಿಕೊಂಡ ಮೇಲೆ, ಆರು ತಿಂಗಳಿನಿಂದ ಅವಳಿಗೆ ಪ್ರಾರ್ಥನೆ ಬರುತ್ತಿರಲಿಲ್ಲ. ತುಟಿ ಆಡುತ್ತಿತ್ತು, ಅಷ್ಟೆ. ಇದನ್ನು ಅವಳು ಹೇಳಿಕೊಂಡಿದ್ದು ಹದಿನಾಲ್ಕು ವರ್ಷಗಳಿಂದ ಗೆಳತಿಯಾಗಿದ್ದ ಬೆನೆಡಿಕ್ಟಾಗೆ ಮಾತ್ರ. ಪ್ರಾರ್ಥಿಸಲಾರದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ?

ಮರುದಿನದಿಂದ ಲಿಜಿ ತಲೆನೋವೆಂದು ಹೇಳಿ ಎಲ್ಲವನ್ನೂ ತಪ್ಪಿಸಿದಳು: ಜಪಸರ, ಭಾನುವಾರದ ಪೂಜೆ, ಬೆನೆಡಿಕ್ಟಾಳ ಫೋನು. ಸುಮ್ಮನೆ ಕೂರದೆ, ತನ್ನ ಗುಟ್ಟು ಊರಿಗೆಲ್ಲ ಗೊತ್ತಾಗಿದೆ ಎಂಬುದಕ್ಕೆ ಸಾಕ್ಷಿ ಕೂಡಿಸಿದಳು. ಆ ಸಂಜೆ ಕೋರಿಕೆಯ ಹೊತ್ತಿಗೆ ವಾರ್ಡಿನ ಹಿರಿಯೆ ಲೊರೆತ್ತಾ ಬಾಯಿ ತನ್ನತ್ತಲೇ ನೋಡಿದ್ದರು. ಬೇಕರಿಯಲ್ಲಿ ಇಬ್ಬರು ತನ್ನನ್ನು ಕಂಡು ಮಾತು ನಿಲ್ಲಿಸಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಫಾದರ್ ತನ್ನ ತರಗತಿಯನ್ನು ವಾರ್ಡಿನದೇ ಹುಡುಗಿ ದೀಕ್ಷಾಗೆ ವಹಿಸಿದ್ದು ಕಿವಿಗೆ ಬಿದ್ದಿತ್ತು. ಇಷ್ಟೇ ಆಧಾರದ ಮೇಲೆ ಅವಳ ವಿದ್ಯಾರ್ಥಿಗಳು ತೀರ್ಮಾನ ಬರೆದಿದ್ದರೆ ಅವಳೇ ಕೆಂಪು ಗೆರೆ ಎಳೆಯುತ್ತಿದ್ದಳು.

ಹತ್ತನೆಯ ದಿನ ಪ್ರತಿಮೆ ಲಿಜಿಯ ಮನೆಗೆ ಬರುವ ಸರದಿ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಮಧ್ಯಾಹ್ನ ಅವಳು ನೇರವಾಗಿ ಬೆನೆಡಿಕ್ಟಾಳ ಅಂಗಡಿಗೆ ನಡೆದಳು.

"ಬಾರೆ ಮಾರಾಯ್ತಿ! ತಲೆನೋವು ಇಳೀತಾ?" ರವಿಕೆಗೆ ಹುಕ್ ಹೊಲಿಯುತ್ತಿದ್ದ ಬೆನೆಡಿಕ್ಟಾ ಸ್ಟೂಲು ಸರಿಸಿದಳು.

ಲಿಜಿ ಕೂರಲಿಲ್ಲ. "ನನ್ ವಿಷಯ ಎಷ್ಟು ಜನಕ್ಕೆ ಹೇಳಿದೀಯ?"

"ಯಾರಿಗೆ ಹೇಳ್ಲಿ? ದೇವರಿಗೆ ಹೇಳ್ದೆ."

"ಇಪ್ಪತ್ತು ಜನರ ಎದುರಿಗೆ! ಲೊರೆತ್ತಾ ಬಾಯಿ ನನ್ನನ್ನೇ ನೋಡಿದ್ರು."

"ಅವರ ಎರಡು ಕಣ್ಣಿಗೂ ಪೊರೆ ಕಣೆ. ಯಾರನ್ನ ನೋಡ್ತಿದೀನಿ ಅಂತ ಅವರಿಗೇ ಗೊತ್ತಿರಲ್ಲ."

ಲಿಜಿ ನಗಲಿಲ್ಲ. "ಆ ಸಹೋದರಿ ನಾನೇ ಅಲ್ವಾ?"

ಅಲ್ಲ ಎಂದುಬಿಡಬಹುದಿತ್ತು. ಬೆನೆಡಿಕ್ಟಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನೀನೇ. ಹೆಸರು ಹೇಳಲ್ಲ, ಮತ್ತೆಂತ ಅಂದ್ಕೊಂಡೆ. ನಿನ್ನ ಕೇಳದೆ ಹೇಳಿದ್ದು ತಪ್ಪು. ಹೇಳೋಣ ಅಂತ ಫೋನ್ ಮಾಡಿದ್ರೆ ನೀನು ಎತ್ತಲ್ಲ."

"ಫಾದರ್‌ಗೂ ಹೇಳಿದೀಯ. ಅದಕ್ಕೇ ಕ್ಲಾಸು ದೀಕ್ಷಾಗೆ ಹೋಯ್ತು."

"ಅದನ್ನ ನನ್ನ ತಲೆಗೆ ಕಟ್ಟಬೇಡ! ತಲೆನೋವು ಅಂತ ಫಾದರ್‌ಗೆ ಫೋನ್ ಮಾಡಿದ್ಯಾರು? ಲಿಜಿ ಟೀಚರ್‌ಗೆ ಹುಷಾರಿಲ್ಲ, ವಾಸಿಯಾಗೋ ತನಕ ದೀಕ್ಷಾ ನೋಡ್ಕೊಳ್ಳಲಿ ಅಂತ ಪೂಜೆ ಮುಗಿದ ಮೇಲೆ ಅವರೇ ಹೇಳಿದ್ರು. ಬಂದಿದ್ರೆ ನಿನಗೂ ಕೇಳ್ತಿತ್ತು."

ಲಿಜಿ ಸ್ಟೂಲು ಎಳೆದುಕೊಂಡು ಕುಳಿತಳು. ತನ್ನ ದೊಡ್ಡ ಸಾಕ್ಷಿಯನ್ನು ಹುಟ್ಟಿಸಿದ್ದು ತನ್ನದೇ ಸುಳ್ಳು. ಗೆಳತಿಯ ತಪ್ಪು ಒಂದು ಮಾತಿನದು. ಅದನ್ನು ಊರಿಡೀ ಹರಡಿದ್ದು ತನ್ನ ತಲೆಯೊಳಗೆ ಮಾತ್ರ.

"ಬೇಜಾರಾಗಿದೆ ನಂಗೆ," ಎಂದಳು ಕೊನೆಗೆ.

"ಆಗ್ಲಿ. ಆದ್ರೆ ಬಂದು ಬೈಯಿ, ಅಡಗಿ ಕೂರಬೇಡ."

ಸಂಜೆ ಲಿಜಿಯ ಪಡಸಾಲೆ ತುಂಬಿತು. ಜಪಸರ ಶುರು ಮಾಡಬೇಕಾದವರು ಆಯಾ ಮನೆಯವರೇ. ಜಪಸರವನ್ನು ಕೈಯಲ್ಲಿ ಹಿಡಿದು ಅವಳು ಎದ್ದು ನಿಂತಳು. ತುಟಿ ಆಡಿಸಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ನಂಗೆ ತಲೆನೋವು ಇರ್ಲಿಲ್ಲ," ಎಂದಳು. "ಅಮ್ಮ ಹೋದ ಮೇಲೆ ಪ್ರಾರ್ಥಿಸಕ್ಕೆ ಆಗ್ತಿಲ್ಲ. ಇವತ್ತು ಹೇಳಿದ್ರೂ ಬರೀ ಬಾಯಿಮಾತು. ಬೇರೆ ಯಾರಾದ್ರೂ ಶುರು ಮಾಡಿ."

ದೀಕ್ಷಾ ತಲೆ ತಗ್ಗಿಸಿದಳು. ಬೆಳಗಾಗುವುದರೊಳಗೆ ಫಾದರ್‌ಗೆ ಸುದ್ದಿ ಮುಟ್ಟುತ್ತದೆ. ತರಗತಿ ತಿರುಗಿ ಸಿಗದೆಯೂ ಹೋಗಬಹುದು.

ಲೊರೆತ್ತಾ ಬಾಯಿ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ನಾನು ಹೇಳ್ತೀನಿ, ನೀನು ಮಣಿ ಎಣ್ಸು ಮಗಾ. ಹತ್ತು ಎಣ್ಸೋ ಕಡೆ ನಂದು ಒಂದಿನ ಒಂಬತ್ತಕ್ಕೆ ನಿಲ್ತದೆ, ಒಂದಿನ ಹನ್ನೊಂದಕ್ಕೆ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಯಾರು, ತನ್ನನ್ನು ಕಂಡೇ ನಕ್ಕರಾ ಎಂದು ಲಿಜಿಯ ಮನಸ್ಸು ಆಗಲೇ ತಡಕಾಡತೊಡಗಿತ್ತು. ಅವಳು ಹಿಂದಿರುಗಿ ನೋಡಲಿಲ್ಲ. ಮೊದಲ ಮಣಿಯನ್ನು ಬೆರಳಲ್ಲಿ ಹಿಡಿದು, "ಒಂದು," ಎಂದಳು.