ಡಾಕ್ಟರು ಬರೆದುಕೊಟ್ಟ ಕೊಬ್ಬು

ವಡಪಳನಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾನು ದೋಸೆ ಹೊಯ್ಯುವವನು. ಆರನೇ ಕ್ಲಾಸು ಬಿಟ್ಟು ಊರಿನಿಂದ ಈ ತಮಿಳು ಸೀಮೆಗೆ ಬಂದು ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಹತ್ತು, ಕಾವಲಿಯ ಮುಂದೆ ನಿಂತೇ. ಕಾವಲಿ ಇರುವುದು ಬೀದಿಗೆ ಕಾಣುವ ಗಾಜಿನ ಹಿಂದೆ. ಅಲ್ಲಿ ಕೂತವನನ್ನು ಕಂಡರೆ ಗಿರಾಕಿ ಮುಂದಿನ ಹೋಟೆಲಿಗೆ ಹೋಗುತ್ತಾನೆ ಎಂಬುದು ಧಣಿ ಮಧ್ವರಾಜರ ನಂಬಿಕೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ನನ್ನ ಬಲ ಮೊಣಕಾಲು ಚಿಪ್ಪಿನ ಕೆಳಗೆ ಎರಡೂ ಬದಿ ಬಾತುಕೊಂಡಿತು. ಕಾಲು ನೆಟ್ಟಗಾದರೆ ಸಾಕು, ಒಳಗೆ ಯಾರೋ ಚಿವುಟಿದ ಹಾಗೆ. ಒಂದು ಸ್ಟೂಲು ಕೇಳಿದೆ.

"ಸ್ಟೂಲಾ? ಎಂತ ಶೀನ, ಕೊಬ್ಬು ಜಾಸ್ತಿಯಾಯಿತಾ ನಿನಗೆ?" ಎಂದರು ಧಣಿ. "ಡಾಕ್ಟರ ಚೀಟಿ ತಾ, ಮತ್ತೆ ನೋಡುವ."

ಆಸ್ಪತ್ರೆಯ ಸಾಲಿನಲ್ಲಿ ಮೂರು ತಾಸು ನಿಂತೆ. ಡಾಕ್ಟರಮ್ಮ ಚಿಪ್ಪಿನ ಕೆಳಗೆ ಹೆಬ್ಬೆರಳು ಒತ್ತಿದರು. ಹಲ್ಲು ಕಚ್ಚಿದೆ.

"ಕೊಳುಪ್ಪುಪ್ಪಾ," ಎಂದರು. "ಎಲ್ಲಾಂ ಅಂದ ಕೊಳುಪ್ಪುದಾನ್."

ತಮಿಳಿನ ಕೊಳುಪ್ಪು ನಮ್ಮ ಕೊಬ್ಬೇ. ಮೈಯದ್ದೂ ಹೌದು, ಸೊಕ್ಕಿನದ್ದೂ ಹೌದು. ಮೂರು ತಾಸು ನಿಂತದ್ದು ಇದನ್ನು ಕೇಳಲಿಕ್ಕಾ?

"ಯಾರುಕ್ಕು ಕೊಳುಪ್ಪು?" ಎಂದು ಎದ್ದು ನಿಂತೆ. ಬೆಂಚಿನಲ್ಲಿದ್ದವರೆಲ್ಲ ತಿರುಗಿದರು.

ಆಕೆಗೆ ನಗುವಷ್ಟೂ ತ್ರಾಣ ಉಳಿದಿರಲಿಲ್ಲ. "ಹಾಗೇ ನಿಲ್ಲು. ನಿನ್ನ ಕಾಲು ನೀನೇ ನೋಡು," ಎಂದರು ತಮಿಳಿನಲ್ಲೇ.

ನೋಡಿದೆ. ಮೊಣಕಾಲು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿತ್ತು. ನಾನು ಕಾವಲಿಯ ಮುಂದೆ ನಿಲ್ಲುವುದೂ ಹಾಗೆಯೇ.

ಆಕೆ ಕಾಗದದ ಮೇಲೆ ಗೀಚಿ ತೋರಿಸಿದರು. ಚಿಪ್ಪಿನ ಕೆಳಗೆ ಎಲ್ಲರಿಗೂ ಕೊಬ್ಬಿನ ಒಂದು ಮೆತ್ತೆ ಇರುತ್ತದೆ. ಕಾಲನ್ನು ಹೀಗೆ ಹಿಂದಕ್ಕೆ ಒತ್ತಿ ನಿಂತರೆ ಅದು ಮೂಳೆಗಳ ನಡುವೆ ಸಿಕ್ಕಿಕೊಂಡು ಬಾತುಕೊಳ್ಳುತ್ತದೆ. ಮೊಣಕಾಲು ತುಸು ಸಡಿಲ ಬಿಡಬೇಕು, ಐಸ್ ಇಡಬೇಕು, ಕೂತು ಕೆಲಸ ಮಾಡಬೇಕು. ಚೀಟಿಯಲ್ಲೂ ಅದನ್ನೇ ಇಂಗ್ಲಿಷಿನಲ್ಲಿ ಬರೆದರು.

ಧಣಿ ಚೀಟಿಯನ್ನು ಗಲ್ಲಾದಲ್ಲಿ ಕೂತು ಓದಿದರು. ಕೂತೇ. ಆಮೇಲೆ ಅಡಿಗೆಮನೆಗೆ ಕೇಳುವ ಹಾಗೆ ಕೂಗಿದರು: "ಶಿವರಾಮು, ಕೇಳಿದ್ಯಾ? ನಾನು ಹೇಳಿದ್ದೇ ಡಾಕ್ಟರು ಬರೆದಿದ್ದಾರೆ. ಇವನಿಗೆ ಕೊಬ್ಬು ಅಂತೆ!"

ಇಡ್ಲಿ ಪಾತ್ರೆಯ ಹತ್ತಿರವಿದ್ದ ಶಿವರಾಮು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನಿಮಗೂ ಉಂಟು ಧಣಿಗಳೇ," ಎಂದೆ. "ಎರಡೂ ಕಾಲಲ್ಲಿ."

ನಗು ನಿಂತಿತು. ಧಣಿ ಚೀಟಿ ಮಡಚಿದರು. "ಗಿರಾಕಿ ಇಲ್ಲದಾಗ ಕೂತುಕೋ. ಯಾರು ಬೇಡ ಅಂದದ್ದು?"

ವಡಪಳನಿಯಲ್ಲಿ ಗಿರಾಕಿ ಇಲ್ಲದಾಗ ಅಂದರೆ ಹೋಟೆಲಿನ ಬಾಗಿಲು ಹಾಕಿದಾಗ. ಒಳಗಿನಿಂದ ತಂದಿಟ್ಟ ಸ್ಟೂಲು ನಾಲ್ಕು ದಿನ ಗೋಡೆಗೆ ಒರಗಿಯೇ ಇತ್ತು.

ಐದನೆಯ ದಿನ ಕೃತ್ತಿಕೆ, ಮುರುಗನಿಗೆ ವಿಶೇಷದ ದಿನ. ಮುರುಗನ ಗುಡಿಯಿಂದ ಬಂದವರು ಮೆಟ್ಟಿಲವರೆಗೂ ನಿಂತಿದ್ದರು. ಸಂಜೆ ಏಳೂವರೆಗೆ ಕಾಲು ಸೋತಿತು. ಕಾವಲಿಯ ಮೇಲೆ ಆರು ದೋಸೆ ಇದ್ದ ಹಾಗೆಯೇ ಸ್ಟೂಲು ಎಳೆದು ಕೂತುಬಿಟ್ಟೆ, ಗಾಜಿನ ಎದುರಿಗೇ.

ಧಣಿ ಓಡಿ ಬಂದರು. "ಏಳಾ! ಎಂತ ಕೊಬ್ಬು ನಿನಗೆ!"

"ಡಾಕ್ಟರು ಬರೆದುಕೊಟ್ಟದ್ದು ಧಣಿಗಳೇ," ಎಂದೆ. "ಚೀಟಿ ನಿಮ್ಮ ಹತ್ತಿರವೇ ಉಂಟಲ್ಲ."

ಅವರು ಸಾಲು ನೋಡಿದರು, ಕಾವಲಿ ನೋಡಿದರು. ದೋಸೆ ಹೊಯ್ಯಲಿಕ್ಕೆ ಬೇರೆ ಯಾರೂ ಇರಲಿಲ್ಲ. ಗಲ್ಲಾಕ್ಕೆ ಹಿಂದಿರುಗಿ, ನನ್ನ ಕಡೆ ನೋಡದೆ ಕೂಗಿದರು: "ಮಸಾಲೆ ಎರಡು!"

ಕೂತು ಹೊಯ್ದ ದೋಸೆ ದುಂಡಗೆ ಬರಲಿಲ್ಲ, ಹೆಗಲು ನೋಯುತ್ತಿತ್ತು. ಮೊಣಕಾಲು ಮಾತ್ರ ಸುಮ್ಮನಿತ್ತು.