ಹಿರೇಮಡ್ಡಿ ಬ್ಯಾನಿ

ಮೂರು ಮೂಲೆ ಮೇಲೆದ್ದ ಚಟ್ಟ ನಾಲ್ಕನೆಯದು ಏಳದೆ ಮತ್ತೆ ಅಂಗಳಕ್ಕೆ ಇಳಿಯಿತು.

"ಎತ್ತಿದ ಹೆಣ ಇಳಸಬಾರದ್ರಿ," ಎಂದ ಕಾರಿನ ಚಾಲಕ ನಸೀರುದ್ದೀನ. ಅವನೂ, ಅವನ ಕಾರಿನಲ್ಲಿ ಧಾರವಾಡದಿಂದ ಬಂದ, ಸತ್ತವನ ಇಬ್ಬರು ಶಿಷ್ಯರೂ ಸೇರಿ ಮೂರೇ ಹೆಗಲು. ಹಿರೇಮಡ್ಡಿಯ ಗಂಡಸರೆಲ್ಲ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಹೆಣದ ಜೊತೆ ಹೋಗುವವರು ಕಾಲಿನ ಜೋಡು ಬಿಟ್ಟು ಬರಿಗಾಲಲ್ಲಿ ಬರುವುದು ರೂಢಿ. ಕಟ್ಟೆಯ ಮೇಲೆ ಒಬ್ಬನೂ ಜೋಡು ಬಿಟ್ಟಿರಲಿಲ್ಲ.

ಸತ್ತವನು ಡಾಕ್ಟರ್ ಈಶಪ್ಪ, ವಂಶವಾಹಿ ಸಂಶೋಧಕ, ಅದೇ ಊರಿನ ಮಗ. ನಿವೃತ್ತನಾದ ಮೇಲೆ ಅಕ್ಕ ಮಾನಮ್ಮನ ಮನೆಯಲ್ಲೇ ಇದ್ದ. ಮಾನಮ್ಮ ಸೆರಗು ಬಿಗಿದು ಕಟ್ಟೆಯತ್ತ ನಡೆದಳು.

"ಯಣ್ಣಾ, ಇನ್ನೊಂದು ಹೆಗಲು ಬೇಕಾಗೇದ."

ಊರ ಹಿರಿಯ ಭಗವಂತರಾಯ ಜೋಡಿನ ಕಾಲು ಕಟ್ಟೆಗೆ ಕುಟ್ಟಿದ. "ಕುಂಟರ ಊರಂತ ಹೆಸರು ಹಚ್ಚಿದಾಂವ. ಜಗತ್ತೆಲ್ಲಾ ಓದ್ಯಾದ. ಓದಿದವ್ರೇ ಬಂದು ಹೊರಲಿ."

"ಆ ಹೆಸರು ಕೇಳಿ, ನಮ್ಮನಿ ಹೋಳಿಗಿ ಎಲಿಯಾಗ ಬಿಟ್ಟು ಹುಣಸಗಿ ಬೀಗರು ಎದ್ದುಹೋದ್ರು," ಎಂದ ಬಸವಂತ್ರಾಯ. ಗೊತ್ತಾಗಿದ್ದ ಅವನ ಮದುವೆ ಆ ದಿನವೇ ಮುರಿದಿತ್ತು.

"ಆ ಹೋಳಿಗಿ ನೀನ ಉಂಡಿಯಲ್ಲೋ!" ಯಾರೋ ಅಂದರು. ನಗು ಎದ್ದು, ಹೆಣದ ಕಡೆ ನೋಡಿ ಅಡಗಿತು.

*

ಕಾಲುವೆಗೆ ನೀರು ಬಿಟ್ಟ ವರ್ಷ ಈಶಪ್ಪ ರಕ್ತ ತುಂಬಿಕೊಳ್ಳುವ ಸೀಸೆಗಳೊಂದಿಗೆ ಬಂದಿದ್ದ. ಊರಿನ ಎಷ್ಟೋ ಮಕ್ಕಳಿಗೆ ಸೊಂಟದ ಕೀಲು ಸವೆದು ನಡಿಗೆ ಓಲಾಡುತ್ತಿತ್ತು. ದೇವರ ಶಾಪ ಎನ್ನುವವರಿದ್ದರು, ಬಾವಿ ನೀರು ಎನ್ನುವವರಿದ್ದರು. ಅವನು ಮನೆಮನೆಯ ಸಂಬಂಧ ಕೇಳುತ್ತ ಹೋದ. ಮಾವನಿಗೆ ಕೊಟ್ಟ ಅಕ್ಕನ ಮಗಳು, ಅತ್ತೆಯ ಮಗನನ್ನು ಕಟ್ಟಿಕೊಂಡವಳು. ರೋಗ ನೀರಿನಲ್ಲಿರಲಿಲ್ಲ. ಒಂದೇ ಬಳ್ಳಿಯ ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡುತ್ತಿತ್ತು.

"ಪ್ರಬಂಧದಾಗ ಊರ ಹೆಸರು ಹಾಕಂಗಿಲ್ರಿ," ಎಂದಿದ್ದ, ಇದೇ ಕಟ್ಟೆಯ ಮೇಲೆ. "ನಾಳಿ ಸಂಬಂಧಕ್ಕ ತೊಂದ್ರಿ ಆಗ್ತದ."

ಆಗ ಅಲ್ಲಿದ್ದವರು ಅವನು, ಭಗವಂತರಾಯ, ಚಹಾ ತಂದಿದ್ದ ಮಾನಮ್ಮ, ಮೂವರೇ.

"ಹೆಸರಿಲ್ಲದ ಊರಿಗೆ ಯಾವ ಸರ್ಕಾರ ಬರ್ತದೋ ಈಶ್ಯಾ?" ಭಗವಂತರಾಯ ನಕ್ಕಿದ್ದ. "ನಕ್ಷಾದಾಗ ಹೆಸರಿದ್ದ ಊರಿಗೇ ಕೆನಾಲ್ ನೀರು ಬಂತು. ಹಾಕು, ದಪ್ಪ ಅಕ್ಷರದಾಗ ಹಾಕು!"

ಹೆಸರು ಅಚ್ಚಾಯಿತು. ಆ ಪ್ರಬಂಧದ ಜಾಡು ಹಿಡಿದವರು ಬೇರೆ ದೇಶಗಳಲ್ಲೂ ಇದೇ ರೋಗ ಕಂಡರು. ಮದುವೆಗೆ ಮೊದಲೇ ರಕ್ತ ನೋಡಿ ಹೇಳುವ ಪರೀಕ್ಷೆ ಬಂತು. ವೈದ್ಯರ ಪುಸ್ತಕದಲ್ಲಿ ರೋಗದ ಹೆಸರೇ ಹಿರೇಮಡ್ಡಿ; ಜನರ ಬಾಯಲ್ಲಿ ಹಿರೇಮಡ್ಡಿ ಬ್ಯಾನಿ. ಊರಿಗೆ ವೈದ್ಯರು ಬಂದರು, ಕೀಲುಗಳ ಶಸ್ತ್ರಕ್ರಿಯೆ ನಡೆಯಿತು. ಹೆಣ್ಣು ಕೊಡುವವರು ಮಾತ್ರ ಬರಲಿಲ್ಲ. ಆ ಹೆಸರು ಕೇಳದ ತೆಲುಗು ಮನೆಗಳಿಂದ, ಗುರುಮಠಕಲ್ಲಿನ ಆಚೆಯಿಂದ, ಸೊಸೆಯರನ್ನು ತರಬೇಕಾಯಿತು. ಅವರ ಮಕ್ಕಳು ನೆಟ್ಟಗೆ ನಡೆದರು. ಆದರೂ ಊರು ಈಶಪ್ಪನನ್ನು ಮಾತಾಡಿಸಲಿಲ್ಲ.

"ಅವನಿಗೆ ಬರಿ ಅಂದಾವರ್ಯಾರು?" ಎಂದು ಭಗವಂತರಾಯ ಕೂಗಾಡಿದ ದಿನ ಮಾನಮ್ಮ ನಿಜ ಹೇಳಲೆಂದು ಹೊಸ್ತಿಲು ದಾಟಿದ್ದಳು. ಈಶಪ್ಪ ಅವಳ ಕೈ ಹಿಡಿದು ನಿಲ್ಲಿಸಿದ್ದ.

"ಸುಮ್ನಿರಕ್ಕಾ. ಅಂವಾ ತಿಳೀಲಾರದ ಅಂದ. ನಾ ತಿಳದೂ ಬರದೆ."

*

ಈಗ ಮಾನಮ್ಮ ಆ ಒಂದು ಮಾತು ಆಡಿದ್ದರೆ ಸಾಕಿತ್ತು, ಹತ್ತು ಹೆಗಲು ಸಿಗುತ್ತಿದ್ದವು.

"ಯಣ್ಣಾ, ಇಲ್ಲೇ ಕುಂತು ಚಹಾ ಕುಡದ ದಿನ ನೆನಪದೇನು?"

"ಯಾವತ್ತು, ಕಾಕಾ?" ಬಸವಂತ್ರಾಯ ಮುದುಕನತ್ತ ತಿರುಗಿದ.

ಭಗವಂತರಾಯ ತಲೆ ಎತ್ತಲಿಲ್ಲ. ಕಟ್ಟೆಗೆ ಕುಟ್ಟಿದ್ದ ಜೋಡಿನ ಕಾಲನ್ನು ಮೆಲ್ಲಗೆ ಹಿಂದೆಳೆದುಕೊಂಡ. ಮಾನಮ್ಮ ಅದನ್ನು ನೋಡುತ್ತ ನಿಂತಳು.

"ಏನಿಲ್ಲ ಬಿಡಪ್ಪ," ಎಂದು ತಿರುಗಿ ಬಂದು ಚಟ್ಟದ ಖಾಲಿ ಮೂಲೆಗೆ ತಾನೇ ಬಾಗಿದಳು.

"ಅತ್ತ ಸರಿ ಯವ್ವಾ, ನಾ ಹಿಡೀತೀನಿ." ಚಿಕ್ಕಂದಿನಿಂದ ಆ ರೋಗ ಹೊತ್ತ ದ್ಯಾವಪ್ಪ ಹಿತ್ತಲ ದಾರಿಯಿಂದ ಬಂದಿದ್ದ, ಬರಿಗಾಲಲ್ಲಿ.

"ನಿನ್ನ ಕಾಲು, ದ್ಯಾವಪ್ಪ..."

"ಕಾಲು ಡಾಕ್ಟರೇ ಮಾಡಿಸಿಕೊಟ್ಟದ್ದು. ಅರ್ಧ ಕುಂಟು ಹೋಗ್ಯಾದ, ಅರ್ಧ ಉಳದದ. ಹೆಗಲಿಗೇನಾಗೇದ?"

ಚಟ್ಟ ಎದ್ದಿತು. ಹೆಜ್ಜೆಹೆಜ್ಜೆಗೂ ದ್ಯಾವಪ್ಪನ ಮೂಲೆ ತಗ್ಗಿ ಏಳುತ್ತಿತ್ತು; ಉಳಿದ ಮೂವರು ಅವನ ನಡಿಗೆಗೇ ಹೊಂದಿಕೊಂಡರು. ಓಲಾಡುತ್ತ ಕಟ್ಟೆ ದಾಟಿ ಅದು ಕಾಲುವೆಯ ದಾರಿ ಹಿಡಿಯಿತು.

ಹೆಂಗಸರು ಮಣ್ಣು ಮಾಡುವಲ್ಲಿಗೆ ಹೋಗುವಂತಿಲ್ಲ. ಮಾನಮ್ಮ ಅಂಗಳ ತೊಳೆಯಲು ಕೊಡ ತಂದಳು. ತಲೆ ಎತ್ತಿದರೆ ಕಟ್ಟೆಯ ಮೇಲೆ ಎಲ್ಲರೂ ಕೂತಲ್ಲೇ ಇದ್ದರು. ನಡುವೆ ಒಂದು ಜಾಗ ಮಾತ್ರ ಖಾಲಿಯಿತ್ತು. ಅದರ ಕೆಳಗೆ, ದೂಳಿನಲ್ಲಿ, ಭಗವಂತರಾಯನ ಜೋಡು.