ಎಂಟನೆಯ ಹೆಸರು

"ನಿಮ್ಮ ಕೇರೀಲಿ ವರ್ಷಕ್ಕೆ ಇಪ್ಪತ್ತು ಮೂವತ್ತು ಹೆರ್ತೀರಲ್ಲ, ಅದ್ರಲ್ಲಿ ಒಂದು ದಡ್ಡ ಮಗು ನನಗೆ ಸಿಗಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೇ?"

ಹೆಡ್ ಮೇಡಂ ಹುದಾಕೊವಾ ಹೀಗೆ ಕೇಳಿದಾಗ ನಾನು ಮೊಣಕಾಲೂರಿ ಶಾಲೆಯ ಮೆಟ್ಟಿಲು ಉಜ್ಜುತ್ತಿದ್ದೆ. ಆಕೆ ತಮಾಷೆಗೆಂದೇ ಕೇಳಿದ್ದು. ನಾನು ನಗಲಿಲ್ಲವೆಂದು ಆಕೆಗೆ ಬೇಜಾರಾಯಿತು.

"ಇಲೋಂಕಾ ಹೋದ್ಮೇಲೆ ಕೆಳಗಿನ ತರಗತೀಲಿ ಏಳೇ ಹೆಸರು ಉಳಿದಿರೋದು ಅರಂಕಾ. ಎಂಟಿಲ್ಲದಿದ್ರೆ ಮುಚ್ಚಿಬಿಡ್ತಾರೆ. ಹದಿನೈದನೇ ತಾರೀಕಿಗೆ ಅಂಕಿಸಂಖ್ಯೆ ರಾಜಧಾನಿಗೆ ಹೋಗ್ಬೇಕು. ನಿನ್ನ ಸಣ್ಣವಳಿಗೂ ಆರು ತುಂಬ್ತಲ್ಲ? ನಾಳೆ ಪರೀಕ್ಷೆ ಮಾಡೋರು ಬರ್ತಾರೆ, ಕರ್ಕೊಂಡು ಬಾ."

ಇಲೋಂಕಾ ನನ್ನ ದೊಡ್ಡ ಮಗಳು. ಅವಳನ್ನು ಮಣ್ಣಿಗೆ ಹಾಕಿ ಐದು ತಿಂಗಳಾಗಿತ್ತು. ಮಗಳು ಸತ್ತವಳ ಹತ್ತಿರ ಬಂದು, ಆ ಜಾಗ ಖಾಲಿ ಬಿದ್ದಿದೆ, ಇನ್ನೊಬ್ಬಳನ್ನು ಕೊಡು ಎಂದು ಕೇಳಬೇಕಾದರೆ ಎಂಥ ಎದೆ ಇರಬೇಕು! ನಾನು ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿದೆ. ಬೇರೇನು ಹಿಂಡಲಿ?

ಕೆಳಗಿನ ತರಗತಿ ಇರುವುದು ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ. ಸರ್ಕಾರದ ಕಾಗದದಲ್ಲಿ ಅದು ಬುದ್ಧಿ ಕುಂಠಿತವಾದ ಮಕ್ಕಳ ವಿಶೇಷ ತರಗತಿ. ಹೊಳೆಯಾಚೆ ಇರುವ, ಊರವರು ಜಿಪ್ಸಿಗಳೆಂದು ಕರೆಯುವ ನಮ್ಮ ರೊಮಾ ಜನರ ಬಾಯಲ್ಲಿ ಅದು ಬಾಯ್ಲರ್ ಕ್ಲಾಸು. ಈಗಿರುವ ಏಳೂ ಮಕ್ಕಳು ನಮ್ಮವೇ. ಊರಿನ ಬಿಳಿಯರ ಮನೆಯಲ್ಲಿ ದಡ್ಡರು ಹುಟ್ಟುವುದೇ ಇಲ್ಲ, ನೋಡಿ. ನಾನೂ ಅಲ್ಲೇ ಓದಿದವಳು. ಒಂಬತ್ತು ವರ್ಷ ಬಣ್ಣದ ಕಾಗದ ಕತ್ತರಿಸಿದೆ, ಆಲೂಗಡ್ಡೆ ಸುಲಿದೆ. ನನ್ನ ಹೆಸರು ಬರೆಯುವುದನ್ನು ಮಾತ್ರ ಕಲಿಸಿದರು, ಮುಂದೆ ಸಹಿ ಬೇಕಾಗುತ್ತದಲ್ಲ.

ಇಲೋಂಕಾಳಿಗೆ ನಿಜವಾಗಿಯೂ ತೊಂದರೆ ಇತ್ತು. ಮಾತಿರಲಿಲ್ಲ. ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹೊಳೆಯ ಕಲ್ಲುಗಳನ್ನು ತಂದು ಸಾಲಾಗಿ ಜೋಡಿಸಿ ದಿನವಿಡೀ ನೋಡುತ್ತ ಕೂರುತ್ತಿದ್ದಳು. ಆಟಿಸಂ ಎಂದು ಪಟ್ಟಣದಲ್ಲಿ ಹೇಳಿದರು. ಶಾಲೆಗೆ ಸೇರಿಸಿದ ದಿನ ಮಧ್ಯಾಹ್ನಕ್ಕೇ ವಾಪಸ್ಸು ಕಳಿಸಿದರು. "ಕಿರುಚ್ತಾಳೆ. ಇವಳನ್ನ ನೋಡ್ಕೊಳ್ಳೋಕೆ ಬೇರೆ ಆಯಾ ಬೇಕು, ನಮ್ಮಲ್ಲಿಲ್ಲ. ಮನೇಲಿರ್ಲಿ ಬಿಡು, ಹೆಸರು ನಾವಿಟ್ಕೋತೀವಿ." ಮೂರು ವರ್ಷ ಅವಳ ಹೆಸರು ಶಾಲೆಯಲ್ಲಿತ್ತು, ಅವಳು ಮನೆಯಲ್ಲಿದ್ದಳು. ಆ ತರಗತಿ ಯಾರಿಗೆಂದು ಮಾಡಿದ್ದೋ ಅವಳೊಬ್ಬಳೇ ಅದರೊಳಗೆ ಇರಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಅವಳು ಕೆನ್ನೆಗೆ ಗುದ್ದಿಕೊಳ್ಳತೊಡಗಿದಳು. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ.

"ಇಂಥ ಮಕ್ಕಳು ಹೊಡ್ಕೋತಾರಮ್ಮ, ಅದು ಅವರ ಸ್ವಭಾವ."

"ಬಾಯ್ ತೆಗ್ಸಿ ನೋಡಿ ಸ್ವಾಮಿ, ಹಲ್ಲಿನ್ ತಾವ್ಲೇ ಗುದ್ಕೊತಾವ್ಳೆ. ಅನ್ನ ನೀರು ಮುಟ್ಟಿಲ್ಲ."

"ಕಚ್ಚಿದ್ರೆ? ನನ್ನ ಬೆರಳಿಗೆ ನೀನು ಜವಾಬ್ದಾರೀನಾ?"

ನಿದ್ದೆ ಬರುವ ಔಷಧಿ ಕೊಟ್ಟು ಕಳಿಸಿದರು. ಮಗಳು ನಿದ್ದೆ ಮಾಡಿದಳು, ಹಲ್ಲಿನ ಕೀವು ನಿದ್ದೆ ಮಾಡಲಿಲ್ಲ. ಅದು ಕುತ್ತಿಗೆಗೆ ಇಳಿಯಿತು. ಆರನೆಯ ದಿನ ನನ್ನ ತೊಡೆಯ ಮೇಲೇ ಹೋದಳು, ಒಂಬತ್ತು ವರ್ಷದ ಕೂಸು. ಸಾವಿನ ಕಾಗದವನ್ನು ಚರ್ಚಿನ ಗುಮಾಸ್ತನ ಹತ್ತಿರ ಓದಿಸಿದೆ. ಕಾರಣ: ತೀವ್ರ ಬುದ್ಧಿಮಾಂದ್ಯ. ಹಲ್ಲಿನ ಮಾತೇ ಅದರಲ್ಲಿಲ್ಲ. ಬುದ್ಧಿ ಇಲ್ಲದ್ದಕ್ಕೆ ಜನ ಸಾಯುವುದಾದರೆ ಆ ಡಾಕ್ಟರು ಯಾವತ್ತೋ ಸಾಯಬೇಕಿತ್ತು.

ಹೆಡ್ ಮೇಡಂ ಹೇಳಿದ್ದರ ಮರುದಿನ ನನ್ನ ಸಣ್ಣ ಮಗಳು ಸಿದ್ಕಾಳ ತಲೆ ಬಾಚಿ, ಅಕ್ಕನ ನೀಲಿ ಅಂಗಿ ಹಾಕಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಸಿದ್ಕಾ ಚುರುಕು. ಅಂಗಡಿಯಲ್ಲಿ ನನಗೆ ಚಿಲ್ಲರೆ ಕಡಿಮೆ ಕೊಟ್ಟರೆ ಮೊದಲು ಬಾಯಿ ಮಾಡುವವಳು ಅವಳೇ. ಆದರೆ ಅವಳ ಬಾಯಲ್ಲಿರುವುದು ನಮ್ಮ ರೊಮಾ ಮಾತು. ಊರವರ ಸ್ಲೊವಾಕ್ ಭಾಷೆ ಅವಳಿಗೆ ಅಲ್ಲೊಂದು ಇಲ್ಲೊಂದು ಗೊತ್ತು.

ಜಿಲ್ಲೆಯಿಂದ ಬಂದ ಪರೀಕ್ಷಕ ಸ್ಲೊವಾಕಿನಲ್ಲೇ ಶುರು ಮಾಡಿದ. ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿ ಹೇಳಿದ: "ನೀನು ಬಾಯಿಬಿಟ್ರೆ ಮಗೂಗೆ ಸೊನ್ನೆ."

ಒಂದು ಚಿತ್ರ ತೋರಿಸಿದ. "ಇದೇನು?"

"ಫ್ರಿಜ್ಜು."

"ಇದರೊಳಗೆ ಏನಿಡ್ತಾರೆ?"

"ಬಟ್ಟೆ," ಎಂದಳು ಸಿದ್ಕಾ ಥಟ್ಟನೆ.

ಹೆಡ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆತ ಮತ್ತೆ ಕೇಳಿದ. "ಸರಿಯಾಗಿ ನೋಡು. ಏನಿಡ್ತಾರೆ?"

"ಬಟ್ಟೆ. ಬ್ರೆಡ್ಡು. ಅಪ್ಪನ ಕಾಗದ."

ಅಯ್ಯೋ ಕಂದ! ನಮ್ಮ ಕೇರಿಗೆ ಕರೆಂಟಿಲ್ಲ. ಊರವರು ಎಸೆದ ಕೆಟ್ಟ ಫ್ರಿಜ್ಜು ಹೊತ್ತು ತರುತ್ತೇವೆ. ಅದರ ಬಾಗಿಲು ಗಟ್ಟಿ, ಇಲಿ ನುಗ್ಗುವುದಿಲ್ಲ. ಮನೆಯಲ್ಲಿ ಏನು ಉಳಿಯಬೇಕೋ ಅದನ್ನೆಲ್ಲ ಅದರಲ್ಲೇ ಇಡುವುದು. ಮಗು ನೋಡಿದ್ದನ್ನು ಹೇಳಿತು. ಆತ ಸೊನ್ನೆ ಬರೆದ. ನಾಲಿಗೆ ಕಚ್ಚಿಕೊಂಡು ನಿಂತಿದ್ದೆ, ಬಾಯೆಲ್ಲ ಉಪ್ಪುಪ್ಪಾಯಿತು.

"ಎಣಿಸು ನೋಡೋಣ."

ಸಿದ್ಕಾಳ ಮುಖ ಅರಳಿತು. "ಯೇಕ್, ದುಯ್, ತ್ರಿನ್, ಶ್ತಾರ್..." ನಮ್ಮ ಮಾತಿನಲ್ಲೇ ಉಸಿರು ಹಿಡಿದು ಇಪ್ಪತ್ತು ದಾಟಿಸಿದಳು.

"ಎಣಿಸು ಅಂದೆ, ಹಾಡು ಅನ್ಲಿಲ್ಲ," ಎಂದ ಆತ, ಗಡಿಯಾರ ನೋಡಿಕೊಳ್ಳುತ್ತ.

ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಸೌಮ್ಯ ಬುದ್ಧಿಮಾಂದ್ಯವಂತೆ. ದಾರಿಯಲ್ಲಿ ಸಿದ್ಕಾ ನನ್ನ ಲಂಗ ಜಗ್ಗಿ, "ಅವ್ವಾ, ಎಲ್ಲಾದ್ಕೂ ಯೋಳ್ದೆ ಅಲ್ವಾ?" ಎಂದು ಕುಣಿದಳು. ಹೂಂ ಕಣವ್ವ ಎಂದೆ. ಇನ್ನೇನನ್ನಲಿ?

ಸಂಜೆ ಗಂಡ ದೆಝಿದೇರ್ ಚರಂಡಿ ಕೆಲಸದಿಂದ ಬಂದು, ಬೂಟು ಬಿಚ್ಚುತ್ತ ಎಲ್ಲ ಕೇಳಿಸಿಕೊಂಡ.

"ಸೈನಾಕ್ಬುಡು ಕಣೆ. ಇಲ್ದಿದ್ರೆ ನಿನ್ ಕೆಲ್ಸ ಕಿತ್ಕೊತಾರೆ. ನಾವಿಬ್ರೂ ಆ ಬಾಯ್ಲರ್ ಪಕ್ದಾಗೆ ಕುಂತಿದ್ದೋರೆ ಅಲ್ವಾ? ಸತ್ತೋದ್ವಾ?"

"ನೀನು ಚರಂಡಿ ಬಳೀತೀಯ, ನಾನು ಕಕ್ಕಸ್ ತೊಳೀತೀನಿ. ಇದ್ನೇ ಬದುಕು ಅಂತ ಯಾವ್ ಮುಂಡೇಮಗ ಯೋಳ್ಕೊಟ್ಟ ನಿಂಗೆ?"

ಅವನು ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಆಮೇಲೆ ಅತ್ತ. ಇಲೋಂಕಾ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಹದಿಮೂರನೆಯ ತಾರೀಕು ಹೆಡ್ ಮೇಡಂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಪಟ್ಟಿ ಇತ್ತು. ಎಂಟನೆಯ ಸಾಲಿನಲ್ಲಿದ್ದ ಇಲೋಂಕಾಳ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು, ಅದು ಒಣಗಿದ ಮೇಲೆ ಸಿದ್ಕಾಳ ಹೆಸರು ಬರೆದಿದ್ದರು. ಬೆಳಕಿಗೆ ಓರೆ ಮಾಡಿದರೆ ಅಡಿಯಲ್ಲಿದ್ದದ್ದು ಕಾಣುತ್ತಿತ್ತು. ನನಗೆ ಓದಲು ಬರುವುದು ಸ್ವಲ್ಪವೇ. ನನ್ನ ಮಕ್ಕಳ ಹೆಸರು ಮಾತ್ರ ಗುರುತು ಸಿಗುತ್ತದೆ.

"ಇಲ್ಲಿ ಸಹಿ ಹಾಕು. ಇದು ಬರೀ ಅಂಕಿ ಅರಂಕಾ, ಇದಕ್ಕೆಲ್ಲ ಇಷ್ಟು ಮುಖ ಊದಿಸ್ಕೋಬಾರ್ದು."

"ಆಕಾಕಿಲ್ಲ ಮೇಡಮ್ಮೋರೆ."

"ಏನಂದೆ?"

"ಆಕಾಕಿಲ್ಲ ಅಂದೆ. ಬದುಕಿದ್ದಾಗ ನನ್ ಕೂಸ್ನ ಒಳೀಕೆ ಬಿಡ್ನಿಲ್ಲ, ಯೆಸ್ರು ಮಾತ್ರ ಇಟ್ಕೊಂಡ್ರಿ. ಈಗ ಅವ್ಳ ಮ್ಯಾಲೆ ಬಣ್ಣ ಬಳ್ದು ಇವ್ಳ್ನ ಕುಂಡ್ರುಸ್ತೀರಾ?"

ಆಕೆಯ ಮುಖ ಕೆಂಪಾಯಿತು. "ಕೊಬ್ಬು ಜಾಸ್ತಿಯಾಯ್ತು ನಿಮಗೆ! ಜಿಪ್ಸಿಗಳನ್ನ ಶಾಲೆ ಒಳಗೆ ಬಿಟ್ಟಿದ್ದೇ ತಪ್ಪು. ನಾಳೆಯಿಂದ ಪೊರಕೆ ಮುಟ್ಬೇಡ, ತಿಳೀತಾ?"

"ನಿನ್ ಪೊರ್ಕೆ ನೀನೇ ಮಡೀಕೊ. ನಿನ್ ಲೆಕ್ಕದ್ ಬಾಯ್ಗೆ ಮಣ್ಣಾಕ!" ಎಂದು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಸಿದ್ಕಾಳನ್ನು ಕರೆದುಕೊಂಡು ಮೇಲಿನ ಮಹಡಿಯ ಒಂದನೇ ತರಗತಿಗೆ ಹೋದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬಾಗಿಲಲ್ಲಿ ನಿಂತೆ. ಹೊಸದಾಗಿ ಬಂದಿದ್ದ ಲುಬಿತ್ಸಾ ಟೀಚರ್ ಗಾಬರಿಯಾದರು. ಹೆಡ್ ಮೇಡಂ ಓಡಿ ಬಂದು ಕೂಗಾಡಿದರು. "ಎಳೆದು ಕೆಳಗೆ ಹಾಕಿ ಆ ಹುಡುಗೀನ!"

"ತಾಯಿ ಸಹಿ ಇಲ್ದೆ ಕೆಳಗೆ ಕಳಿಸೋ ಹಾಗಿಲ್ಲ ಮೇಡಂ," ಎಂದರು ಲುಬಿತ್ಸಾ, ನೆಲ ನೋಡುತ್ತ.

ಹೆಡ್ ಮೇಡಂ ಕೆಳಗೆ ಹೋಗಿ ಮಕ್ಕಳ ಮನೆಗಳಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಮೊದಲ ಕಾರು ಬಂತು. ಕಂದು ಕೋಟಿನ ಒಬ್ಬ ತಾಯಿ ನನ್ನನ್ನು ಸೋಕದ ಹಾಗೆ ಒಳಗೆ ಹೋಗಿ ಮಗನ ಚೀಲ ಎತ್ತಿಕೊಂಡಳು. "ನಮ್ಮ ಮಗು ಇದರ ಪಕ್ಕ ಕೂರೋದಾ?" ಎಂದಳು ಇನ್ನೊಬ್ಬಳು. ಮೂರನೆಯವನು ನನ್ನ ಕಾಲ ಹತ್ತಿರ ಉಗಿದು ಹೋದ. ಹೀಗೆ ಒಂದೊಂದೇ ಕುರ್ಚಿ ಖಾಲಿಯಾಯಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಸಿದ್ಕಾಳಿಗೆ ಹಸಿರು ಬಣ್ಣದ ಪೆನ್ಸಿಲ್ ಕೊಟ್ಟಿದ್ದಳು. ಅವಳ ಅಜ್ಜಿ ಅದನ್ನೂ ಕಿತ್ತುಕೊಂಡು ಹೋದಳು.

ಹತ್ತು ಗಂಟೆಗೆ ತರಗತಿಯಲ್ಲಿ ನನ್ನ ಮಗಳೊಬ್ಬಳೇ ಉಳಿದಳು. ಕೈಕಟ್ಟಿಕೊಂಡು, ಕಪ್ಪು ಹಲಗೆ ನೋಡುತ್ತ, ನೆಟ್ಟಗೆ ಕೂತಿದ್ದಳು. ಎಲ್ಲರೂ ಯಾಕೆ ಹೋದರೆಂದು ಅವಳು ಕೇಳಲಿಲ್ಲ.

ಲುಬಿತ್ಸಾ ಟೀಚರ್ ಹಾಜರಿ ಪುಸ್ತಕ ತೆರೆದರು. ಇಪ್ಪತ್ತೆರಡು ಹೆಸರು ಕೂಗಿದರು, ಒಂದನ್ನೂ ಬಿಡದೆ. ಪ್ರತಿ ಹೆಸರಿಗೂ ಸ್ವಲ್ಪ ಕಾದರು. ಆಮೇಲೆ ಕೊನೆಯಲ್ಲಿ ಏನನ್ನೋ ಬರೆದುಕೊಂಡು ತಲೆಯೆತ್ತಿದರು.

"ಸಿದೋನಿಯಾ ಚೊಂಕೊವಾ."

ಸಿದ್ಕಾ ಅಲ್ಲಾಡಲಿಲ್ಲ. ಆ ಹೆಸರಿನಿಂದ ಅವಳನ್ನು ಯಾರೂ ಯಾವತ್ತೂ ಕರೆದಿರಲಿಲ್ಲ.

"ನಿನ್ನೇ ಕಣವ್ವ ಕರೀತಿರೋದು," ಎಂದೆ ಬಾಗಿಲಿಂದ. "ಎದ್ದೇಳು. ಇಲ್ಲೇ ಇವ್ನಿ ಅನ್ನು."

ಅವಳು ಎದ್ದು ನಿಂತಳು. ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿದಳು.

"ಇವ್ನಿ," ಎಂದಳು, ನಮ್ಮ ಮಾತಿನಲ್ಲೇ.

ಟೀಚರ್ ಪುಟದ ಅಡಿಯಲ್ಲಿ ಅಂದಿನ ಹಾಜರಿ ಬರೆದರು: ಒಂದು.